ನಗರ ಪಾಲಿಕೆಯ ಹಳೆಯ ತಂತ್ರಾಂಶದ ಬದಲಾವಣೆ ಮತ್ತು ಇ-ಖಾತಾ: ಸ್ವತ್ತಿನ ಮಾಲೀಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಬೆಂಗಳೂರು ನಗರದಲ್ಲಿ ಸ್ವತ್ತಿನ ತೆರಿಗೆ ಪಾವತಿ, ಖಾತಾ ವರ್ಗಾವಣೆ ಮತ್ತು ಖಾತಾ ನಕಲು ಪಡೆಯುವ ಸೇವೆಗಳನ್ನು ಹಂತ ಹಂತವಾಗಿ ಗಣಕೀಕರಿಸಲಾಗಿದೆ. ಒಂದೊಂದು ಸೇವೆಗೂ ಒಂದೊಂದು ಕಾಲದಲ್ಲಿ ಸಿದ್ಧಪಡಿಸಿದ ಹಳೆಯ ತಂತ್ರಾಂಶಗಳ ಸ್ಥಾನದಲ್ಲಿ, ಒಂದರೊಡನೊಂದು ಮಾಹಿತಿ ಹಂಚಿಕೊಳ್ಳುವ ಹೊಸ ತಂತ್ರಾಂಶಗಳು ಬಂದಿವೆ. ಈ ಬದಲಾವಣೆಯ ಸಂದರ್ಭದಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳ ಅನೇಕ ನಾಗರಿಕರು ಕೇಳುವ ಪ್ರಶ್ನೆ ಒಂದೇ: "ಇಷ್ಟು ವರ್ಷ ತಪ್ಪದೆ ತೆರಿಗೆ ಕಟ್ಟಿದ್ದೇವೆ, ರಸೀದಿಗಳೂ ಇವೆ. ಆದರೂ ಈಗ ಹೊಸದಾಗಿ ದಾಖಲೆಗಳನ್ನು ಏಕೆ ಕೊಡಬೇಕು?"

ಈ ಪ್ರಶ್ನೆ ನ್ಯಾಯವಾದುದು. ಹಳೆಯ ವ್ಯವಸ್ಥೆ ಹೇಗೆ ಬೆಳೆಯಿತು, ಅದನ್ನು ಏಕೆ ಬದಲಿಸಬೇಕಾಯಿತು, ಇಂತಹ ಕೆಲಸದಲ್ಲಿ ಸಲಹೆಗಾರ ಸಂಸ್ಥೆಗಳ ಪಾತ್ರವೇನು ಮತ್ತು ಸ್ವತ್ತಿನ ಮಾಲೀಕರು ಮಾಡಬೇಕಾದುದೇನು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಹಳೆಯ ವ್ಯವಸ್ಥೆಯು ಬೆಳೆದು ಬಂದ ಬಗೆ

ನಗರದ ಸ್ವತ್ತುಗಳ ವಿವರಗಳು ಮೊದಲು ಕೈಬರಹದ ವಹಿಗಳಲ್ಲಿದ್ದವು. ಮಾಲೀಕರ ಹೆಸರು, ಸ್ವತ್ತಿನ ಸಂಖ್ಯೆ, ಅಳತೆ ಮತ್ತು ವಿಧಿಸಿದ ತೆರಿಗೆಯನ್ನು ಕಂದಾಯ ಸಿಬ್ಬಂದಿ ಈ ವಹಿಗಳಲ್ಲಿ ನಮೂದಿಸುತ್ತಿದ್ದರು. ಮಾರಾಟ, ವಿಭಾಗ ಅಥವಾ ಪೌತಿಯ ಕಾರಣ ಮಾಲೀಕರು ಬದಲಾದಾಗ ಹಳೆಯ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸ ಹೆಸರನ್ನು ಬರೆಯಲಾಗುತ್ತಿತ್ತು.

2000ನೇ ಇಸವಿಯಲ್ಲಿ ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯು ಸ್ವಯಂಘೋಷಿತ ಸ್ವತ್ತು ತೆರಿಗೆ ಯೋಜನೆಯನ್ನು ಜಾರಿಗೆ ತಂದಿತು. ಅಧಿಕಾರಿಗಳು ಮನೆಗೆ ಬಂದು ತೆರಿಗೆ ನಿಗದಿಪಡಿಸುವುದಕ್ಕೆ ಬದಲಾಗಿ ಮಾಲೀಕರೇ ಲೆಕ್ಕ ಹಾಕಿ ಪಾವತಿಸುವ ಅವಕಾಶ ಇದರಿಂದ ದೊರೆಯಿತು. 1999ರಲ್ಲಿ ರಾಜ್ಯ ಸರ್ಕಾರವು ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ರಚಿಸಿದ್ದ ಬೆಂಗಳೂರು ಕಾರ್ಯಸೂಚಿ ಕಾರ್ಯಪಡೆಯ ನೆರವಿನಿಂದ 2001ರಲ್ಲಿ ಪಾಲಿಕೆಯು ನಿಧಿ ಆಧಾರಿತ ಲೆಕ್ಕಪದ್ಧತಿಯನ್ನೂ ಅಳವಡಿಸಿಕೊಂಡಿತು. ಅಲ್ಲಿಯವರೆಗೆ ನಗದು ಜಮಾ-ಖರ್ಚನ್ನು ಮಾತ್ರ ತೋರಿಸುತ್ತಿದ್ದ ಏಕ ನಮೂದು ಪದ್ಧತಿಯ ಸ್ಥಾನದಲ್ಲಿ, ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳನ್ನೂ ತೋರಿಸುವ ದ್ವಿನಮೂದು ಪದ್ಧತಿ ಬಂದಿತು. ಪಾಲಿಕೆಯ ತ್ರೈಮಾಸಿಕ ಲೆಕ್ಕಪತ್ರಗಳನ್ನು ಸಾರ್ವಜನಿಕವಾಗಿ ಚರ್ಚಿಸುವ 'ಪ್ರೂಫ್' ಎಂಬ ನಾಗರಿಕ ಅಭಿಯಾನವು 2002ರಲ್ಲಿ ಆರಂಭವಾಯಿತು. ಹೊರಗಿನ ತಜ್ಞರ ನೆರವಿನಿಂದ ನಗರಾಡಳಿತದ ಲೆಕ್ಕ ಮತ್ತು ತಂತ್ರಾಂಶಗಳನ್ನು ಸುಧಾರಿಸುವ ಕಾರ್ಯವು ಬೆಂಗಳೂರಿಗೆ ಹೊಸದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

2003ರಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ ಅವರು ಇ-ಗವರ್ನಮೆಂಟ್ಸ್ ಫೌಂಡೇಶನ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯನ್ನು ಸ್ಥಾಪಿಸಿದರು. ಅನಂತರದ ವರ್ಷಗಳಲ್ಲಿ 'ನಿರ್ಮಲ ನಗರ' ಯೋಜನೆಯಡಿ ರಾಜ್ಯದ 57 ನಗರ ಸ್ಥಳೀಯ ಸಂಸ್ಥೆಗಳಲ್ಲಿ ತೆರಿಗೆ, ಲೆಕ್ಕಪತ್ರ ಹಾಗೂ ದೂರು ನಿರ್ವಹಣೆಯ ತಂತ್ರಾಂಶಗಳನ್ನು ಅಳವಡಿಸಲಾಯಿತು.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಹಿಂದಿನ ಪಾಲಿಕೆಯ 100 ವಾರ್ಡುಗಳೊಂದಿಗೆ 7 ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ಸುತ್ತಲಿನ 110 ಗ್ರಾಮಗಳು ಸೇರಿದವು. ಪ್ರತಿಯೊಂದು ಸಂಸ್ಥೆಯೂ ತನ್ನದೇ ಆದ ವಹಿಗಳು ಮತ್ತು ತನ್ನದೇ ಆದ ಸ್ವತ್ತು ಸಂಖ್ಯೆಗಳೊಂದಿಗೆ ಬಂದಿತು. 2008ರಲ್ಲಿ ನಗರದ ಪ್ರದೇಶಗಳನ್ನು ವಲಯಗಳಾಗಿ ವಿಂಗಡಿಸಿ, ಚದರ ಅಡಿಗೆ ಇಷ್ಟು ಎಂಬ ಘಟಕ ದರದ ಮೇಲೆ ತೆರಿಗೆ ಲೆಕ್ಕ ಹಾಕುವ ಪದ್ಧತಿ ಜಾರಿಗೆ ಬಂದಿತು. ತೆರಿಗೆಯ ತಂತ್ರಾಂಶವು ಇದಕ್ಕೆ ಹೊಂದಿಕೊಂಡಿತು. ಖಾತಾ ವಹಿಗಳು ಮಾತ್ರ ಕಚೇರಿಯ ಕಪಾಟಿನಲ್ಲಿಯೇ ಉಳಿದವು.

2. ಹಳೆಯ ವ್ಯವಸ್ಥೆಯನ್ನು ಬದಲಿಸಬೇಕಾದ ಕಾರಣ

ಮೇಲೆ ವಿವರಿಸಿದ ಬೆಳವಣಿಗೆಯಿಂದಾಗಿ ಒಂದೇ ಮನೆಯ ವಿವರವು ಮೂರು ಕಡೆಗಳಲ್ಲಿ ದಾಖಲಾಗುತ್ತಿತ್ತು.

(ಅ) ತೆರಿಗೆ ತಂತ್ರಾಂಶ: ಈ ಸ್ವತ್ತಿಗೆ ಎಷ್ಟು ತೆರಿಗೆ ಬರಬೇಕು, ಎಷ್ಟು ಬಂದಿದೆ ಎಂಬುದನ್ನು ನೋಡುವುದಕ್ಕಾಗಿ ಇದನ್ನು ರೂಪಿಸಲಾಗಿದೆ. ಹಣವನ್ನು ಯಾರು ಕಟ್ಟಿದರೂ ಇದು ಸ್ವೀಕರಿಸುತ್ತದೆ. ತಂದೆ ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದರೂ ಮಗನು ತಂದೆಯ ಹೆಸರಿನಲ್ಲಿಯೇ ತೆರಿಗೆ ಕಟ್ಟುತ್ತಾ ಬಂದಿರಬಹುದು.

(ಆ) ಖಾತಾ ವಹಿ: ತೆರಿಗೆಯ ಹೊಣೆ ಯಾರದು ಎಂಬುದನ್ನು ಇದು ತೋರಿಸುತ್ತದೆ. ಕೈಬರಹದಲ್ಲಿದ್ದುದರಿಂದ ನಮೂದನ್ನು ತಿದ್ದುವುದಕ್ಕೆ, ಒಂದೇ ಸ್ವತ್ತಿಗೆ ಎರಡು ಖಾತಾಗಳು ಹುಟ್ಟಿಕೊಳ್ಳುವುದಕ್ಕೆ ಅವಕಾಶವಿತ್ತು.

(ಇ) ನೋಂದಣಿ ದಾಖಲೆ: ಕ್ರಯ, ದಾನ, ವಿಭಾಗ, ಅಡಮಾನ ಮುಂತಾದ ಪತ್ರಗಳು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾಗುತ್ತವೆ.

ಈ ಮೂರೂ ಒಂದರೊಡನೊಂದು ಮಾತನಾಡುತ್ತಿರಲಿಲ್ಲ. ಒಬ್ಬ ವ್ಯಕ್ತಿಯು ಖಾತಾ ಪ್ರಮಾಣಪತ್ರವನ್ನು ತಂದು ಮುಂದಿಟ್ಟರೆ, ಅದು ಪಾಲಿಕೆಯು ನೀಡಿದ ಅಸಲು ಪತ್ರವೇ ಎಂದು ಗಣಕಯಂತ್ರದಲ್ಲಿ ತಾಳೆ ನೋಡುವ ಅನುಕೂಲವು ಉಪನೋಂದಣಾಧಿಕಾರಿಗಳಿಗೆ ಇರಲಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಹಾಕಿ ನಿವೇಶನ ಕೊಂಡವರು, ಅದೇ ನಿವೇಶನ ಮೊದಲೇ ಬೇರೊಬ್ಬರಿಗೆ ಮಾರಾಟವಾಗಿದೆ ಎಂದು ಅನಂತರ ತಿಳಿದುಕೊಳ್ಳುವ ಸಂಭವಕ್ಕೆ ಈ ಕೊರತೆಯೂ ಒಂದು ಕಾರಣವಾಗಿತ್ತು.

ಇದನ್ನು ಸರಿಪಡಿಸಲು ಎರಡು ಕಡೆಯಿಂದ ಕೆಲಸ ನಡೆಯಿತು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ತನ್ನ ಹಳೆಯ ಕಾವೇರಿ ತಂತ್ರಾಂಶದ ಬದಲಿಗೆ 2023ರಲ್ಲಿ ಕಾವೇರಿ 2.0 ತಂತ್ರಾಂಶವನ್ನು ರಾಜ್ಯದಾದ್ಯಂತ ಜಾರಿಗೆ ತಂದಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಖಾತಾ ವಹಿಗಳ ವಿವರಗಳನ್ನು ಗಣಕೀಕರಿಸಿ, 2024ರ ಅಕ್ಟೋಬರ್‌ನಲ್ಲಿ ಇ-ಆಸ್ತಿ ಜಾಲತಾಣದ ಮೂಲಕ 20 ಲಕ್ಷಕ್ಕೂ ಹೆಚ್ಚು ಸ್ವತ್ತುಗಳ ಕರಡು ಇ-ಖಾತಾಗಳನ್ನು ವಾರ್ಡುವಾರು ಪ್ರಕಟಿಸಿತು. ಅದೇ ತಿಂಗಳಿನಿಂದ ಪಾಲಿಕೆ ವ್ಯಾಪ್ತಿಯ ಸ್ವತ್ತುಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು.

3. ಸಲಹೆಗಾರ ಸಂಸ್ಥೆಗಳ ನೇಮಕ ಮತ್ತು ಅವುಗಳ ಪಾತ್ರ

ದೊಡ್ಡ ತಂತ್ರಾಂಶವನ್ನು ಬದಲಿಸುವಾಗ ನಗರಾಡಳಿತ ಸಂಸ್ಥೆಗಳು ಹೊರಗಿನ ತಜ್ಞರ ನೆರವನ್ನು ಪಡೆಯುವುದು ಜಗತ್ತಿನೆಲ್ಲೆಡೆ ರೂಢಿಯಲ್ಲಿದೆ. ಕರ್ನಾಟಕದಲ್ಲಿ ಇಂತಹ ಸೇವೆಗಳ ಸಂಗ್ರಹಣೆಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತದೆ. ಟೆಂಡರ್ ಕರೆದಾಗ ಸಾಮಾನ್ಯವಾಗಿ ತಾಂತ್ರಿಕ ಲಕೋಟೆ ಮತ್ತು ಆರ್ಥಿಕ ಲಕೋಟೆ ಎಂದು ಎರಡು ಭಾಗಗಳಿರುತ್ತವೆ. ತಾಂತ್ರಿಕ ಅರ್ಹತೆ ಇಲ್ಲದವರ ದರದ ಲಕೋಟೆಯನ್ನು ತೆರೆಯುವುದಿಲ್ಲ. ಕೆಲವು ಕಾರ್ಯಗಳನ್ನು ಸರ್ಕಾರದ್ದೇ ಆದ ತಾಂತ್ರಿಕ ಸಂಸ್ಥೆಗಳಿಗೆ ವಹಿಸುವುದೂ ಉಂಟು.

ಈ ಕಾರ್ಯದಲ್ಲಿ ಮೂರು ಪಾತ್ರಗಳಿರುತ್ತವೆ. ಇವುಗಳ ವ್ಯತ್ಯಾಸವನ್ನು ಅರ್ಜಿದಾರರು ತಿಳಿದಿರುವುದು ಒಳಿತು.

- ಸಲಹೆಗಾರರು: ಇಲಾಖೆಯ ಈಗಿನ ಕಾರ್ಯವಿಧಾನವನ್ನು ಅಧ್ಯಯನ ಮಾಡಿ, ಹೊಸ ತಂತ್ರಾಂಶವು ಏನೇನು ಮಾಡಬೇಕು ಎಂಬ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ. ಟೆಂಡರ್ ದಾಖಲೆಯ ರಚನೆ ಮತ್ತು ಕಾಮಗಾರಿಯ ಮೇಲ್ವಿಚಾರಣೆಯಲ್ಲಿ ನೆರವಾಗುತ್ತಾರೆ.
- ತಂತ್ರಾಂಶ ತಯಾರಕರು: ಪಟ್ಟಿಯ ಪ್ರಕಾರ ತಂತ್ರಾಂಶವನ್ನು ರೂಪಿಸಿ, ಪರೀಕ್ಷಿಸಿ, ನಿರ್ವಹಿಸುತ್ತಾರೆ.
- ಇಲಾಖೆಯ ಅಧಿಕಾರಿಗಳು: ದಾಖಲೆಗಳನ್ನು ಪರಿಶೀಲಿಸಿ ಆದೇಶ ಮಾಡುತ್ತಾರೆ. ಖಾತಾ ನಮೂದನ್ನು ಅನುಮೋದಿಸುವ ಅಥವಾ ತಿರಸ್ಕರಿಸುವ ಅಧಿಕಾರವು ಸಹಾಯಕ ಕಂದಾಯ ಅಧಿಕಾರಿ ಮತ್ತು ಅವರ ಮೇಲಿನ ಅಧಿಕಾರಿಗಳಿಗೆ ಮಾತ್ರ ಇರುತ್ತದೆ.

ಆದುದರಿಂದ "ತಂತ್ರಾಂಶದ ಕಂಪನಿಯವರ ಪರಿಚಯವಿದೆ, ಹೆಸರು ಸೇರಿಸಿಕೊಡುತ್ತೇವೆ" ಎಂದು ಯಾರಾದರೂ ಹಣ ಕೇಳಿದರೆ ನಂಬಬಾರದು. ಟೆಂಡರ್ ಮತ್ತು ಒಪ್ಪಂದದ ದಾಖಲೆಗಳ ಬಗ್ಗೆ ಆಸಕ್ತಿಯುಳ್ಳ ನಾಗರಿಕರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು.

4. ದತ್ತಾಂಶ ವರ್ಗಾವಣೆ ಎಂದರೇನು

ಅಂಗಡಿಯ ಲೆಕ್ಕವನ್ನು ಬರೆದವರಿಗೆಲ್ಲ ಒಂದು ವಿಷಯ ತಿಳಿದಿರುತ್ತದೆ. ಮಾರ್ಚ್ 31ರ ಅಂತಿಮ ಶಿಲ್ಕು ಏಪ್ರಿಲ್ 1ರ ಆರಂಭಿಕ ಶಿಲ್ಕಾಗುತ್ತದೆ. ಹಳೆಯ ಪುಸ್ತಕದಲ್ಲಿ ಶಿಲ್ಕು ತಪ್ಪಾಗಿದ್ದರೆ, ಎಷ್ಟೇ ಒಳ್ಳೆಯ ಹೊಸ ಪುಸ್ತಕ ತಂದರೂ ಮೊದಲ ಸಾಲೇ ತಪ್ಪಾಗಿರುತ್ತದೆ. ಅನಂತರದ ಪ್ರತಿಯೊಂದು ನಮೂದೂ ಆ ತಪ್ಪಿನ ಮೇಲೆಯೇ ನಿಲ್ಲುತ್ತದೆ.

ತಂತ್ರಾಂಶದ ಬದಲಾವಣೆಯಲ್ಲಿಯೂ ಹೀಗೆಯೇ. ಹಳೆಯ ವಹಿಯಲ್ಲಿದ್ದ ಹೆಸರು, ಅಳತೆ ಮತ್ತು ಸಂಖ್ಯೆ ಹೊಸ ತಂತ್ರಾಂಶದ ಆರಂಭಿಕ ಶಿಲ್ಕಾಗುತ್ತವೆ. ಅಕ್ಷರ ಅಳಿಸಿಹೋದ ವಹಿಯನ್ನು ನೋಡಿ ನಮೂದಿಸುವಾಗ ಹೊಸ ತಪ್ಪುಗಳೂ ಸೇರಬಹುದು. ಆ ಮನೆ ಯಾರದು, ಅದರ ಚಕ್ಕುಬಂದಿ ಏನು ಎಂಬುದು ಸಲಹೆಗಾರರಿಗೂ ತಿಳಿದಿರುವುದಿಲ್ಲ, ಗಣಕಯಂತ್ರಕ್ಕೂ ತಿಳಿದಿರುವುದಿಲ್ಲ. ಕ್ರಯಪತ್ರವನ್ನು ಮನೆಯಲ್ಲಿಟ್ಟುಕೊಂಡಿರುವ ಮಾಲೀಕರಿಗೆ ಮಾತ್ರ ತಿಳಿದಿರುತ್ತದೆ. ಇ-ಖಾತಾವನ್ನು ಮೊದಲು 'ಕರಡು' ಎಂದು ಪ್ರಕಟಿಸಿ, ಮಾಲೀಕರಿಂದ ದಾಖಲೆಗಳನ್ನು ಪಡೆದ ನಂತರ ಅಂತಿಮಗೊಳಿಸುವುದು ಇದೇ ಕಾರಣಕ್ಕಾಗಿ. ತೆರಿಗೆ ರಸೀದಿಯು ಹಣ ಸಂದಾಯವಾದುದನ್ನು ಮಾತ್ರ ಹೇಳುತ್ತದೆ. ಸ್ವತ್ತು ಯಾರಿಂದ ಯಾರಿಗೆ ಬಂದಿತು ಎಂಬುದನ್ನು ಅದು ಹೇಳುವುದಿಲ್ಲ. ಪೀಠಿಕೆಯಲ್ಲಿನ ಪ್ರಶ್ನೆಗೆ ಇದೇ ಉತ್ತರ.

5. ಅವಸರದ ಬದಲಾವಣೆಯ ಪರಿಣಾಮ: ಒಂದು ಹೊರದೇಶದ ಅನುಭವ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತವು 1999ರಿಂದ ಬಳಸುತ್ತಿದ್ದ ಸ್ಯಾಪ್ ತಂತ್ರಾಂಶದ ಬದಲಿಗೆ 2022ರ ಏಪ್ರಿಲ್‌ನಲ್ಲಿ ಒರಾಕಲ್ ತಂತ್ರಾಂಶವನ್ನು ಜಾರಿಗೆ ತಂದಿತು. ಮೊದಲ ಅಂದಾಜು ವೆಚ್ಚ ಸುಮಾರು 2 ಕೋಟಿ ಪೌಂಡ್ ಇದ್ದುದು ಮುಂದೆ 10 ಕೋಟಿ ಪೌಂಡನ್ನು ಮೀರುವಂತಾಯಿತು. ಹೊಸ ತಂತ್ರಾಂಶಕ್ಕೆ ತಕ್ಕಂತೆ ಕಚೇರಿಯ ಕಾರ್ಯವಿಧಾನವನ್ನು ಬದಲಿಸಿಕೊಳ್ಳುವುದಕ್ಕೆ ಬದಲಾಗಿ, ಹಳೆಯ ಪದ್ಧತಿಗೆ ತಕ್ಕಂತೆ ತಂತ್ರಾಂಶವನ್ನೇ ತಿದ್ದಲು ಹೋದುದು ತೊಂದರೆಗೆ ಒಂದು ಮುಖ್ಯ ಕಾರಣವಾಯಿತು. ಬ್ಯಾಂಕಿನ ಲೆಕ್ಕದೊಡನೆ ನಗರಾಡಳಿತದ ಲೆಕ್ಕವನ್ನು ತಾಳೆ ಮಾಡುವುದೇ ಕಷ್ಟವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಆ ನಗರಾಡಳಿತವು, ಆದಾಯದಲ್ಲಿ ವೆಚ್ಚವನ್ನು ಸರಿದೂಗಿಸಲಾಗುತ್ತಿಲ್ಲವೆಂಬ ಶಾಸನಬದ್ಧ ನೋಟಿಸನ್ನು ಹೊರಡಿಸಬೇಕಾಯಿತು. ಸಮಾನ ವೇತನದ ಬಾಕಿ ಹೊಣೆಯೊಂದಿಗೆ ಈ ತಂತ್ರಾಂಶದ ಹೊರೆಯೂ ಅದಕ್ಕೆ ಕಾರಣವಾಗಿತ್ತು.

ಹೊಸ ವ್ಯವಸ್ಥೆಗೆ ಹೊಸ ಅಪಾಯಗಳೂ ಇರುತ್ತವೆ. 2025ರ ಜನವರಿಯಲ್ಲಿ ಕಾವೇರಿ 2.0 ಜಾಲತಾಣದ ಮೇಲೆ ಸೈಬರ್ ದಾಳಿ ನಡೆದು ನೋಂದಣಿ ಕಾರ್ಯಕ್ಕೆ ಅಡಚಣೆಯಾಗಿತ್ತು. ನೋಂದಣಿಯ ದಿನಾಂಕವನ್ನು ಬ್ಯಾಂಕ್ ಸಾಲದ ಅವಧಿ ಅಥವಾ ಮನೆಯ ಶುಭಕಾರ್ಯದ ಖರ್ಚಿಗೆ ಹೊಂದಿಸಿಕೊಳ್ಳುವವರು ಕೆಲವು ವಾರಗಳ ಅಂತರವನ್ನು ಇಟ್ಟುಕೊಳ್ಳುವುದು ಸೂಕ್ತ.

6. ಪಶ್ಚಿಮ ಬೆಂಗಳೂರಿನ ಸ್ವತ್ತುಗಳಲ್ಲಿ ಗಮನಿಸಬೇಕಾದ ವ್ಯತ್ಯಾಸಗಳು

ನಗರದ ಪಶ್ಚಿಮ ಭಾಗದಲ್ಲಿ ಹಳೆಯ ಬಡಾವಣೆಗಳೂ, ಅನಂತರ ನಗರಕ್ಕೆ ಸೇರಿದ ಊರುಗಳೂ ಇವೆ. ಆಯಾ ಪ್ರದೇಶದ ಹಿನ್ನೆಲೆಗೆ ಅನುಗುಣವಾಗಿ ದಾಖಲೆಗಳಲ್ಲಿನ ವ್ಯತ್ಯಾಸಗಳೂ ಬೇರೆ ಬೇರೆ.

(ಅ) ರಾಜಾಜಿನಗರದಂತಹ ಹಳೆಯ ಬಡಾವಣೆಗಳು: 1945ರಲ್ಲಿ ರಚನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕಾಲದಲ್ಲಿ ಹಂಚಿಕೆಯಾದ ನಿವೇಶನಗಳಲ್ಲಿ ಇಂದು ಮೂರನೆಯ ತಲೆಮಾರಿನವರು ವಾಸಿಸುತ್ತಿರಬಹುದು. 1976ರಲ್ಲಿ ಮಂಡಳಿಯ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಹಂಚಿಕೆ ಪತ್ರ ಅಜ್ಜನ ಹೆಸರಿನಲ್ಲಿದ್ದು, ಸಹೋದರರು ಮನೆಯನ್ನು ಬಾಯಿಮಾತಿನಲ್ಲಿಯೇ ಹಂಚಿಕೊಂಡಿದ್ದರೆ, ಕರಡು ಇ-ಖಾತಾದಲ್ಲಿ ಅಜ್ಜನ ಹೆಸರೇ ಕಾಣುವ ಸಂಭವವಿರುತ್ತದೆ. ನೆಲಮಹಡಿ ಅಂಗಡಿಯಾಗಿ ಬದಲಾಗಿದ್ದರೂ ದಾಖಲೆಯಲ್ಲಿ ವಾಸದ ಮನೆ ಎಂದೇ ಇರಬಹುದು.

(ಆ) ವಿಜಯನಗರ, ಬಸವೇಶ್ವರನಗರದ ಅಪಾರ್ಟ್‌ಮೆಂಟುಗಳು: ಹಳೆಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ ಕಡೆಗಳಲ್ಲಿ, ಮೂಲ ನಿವೇಶನದ ಖಾತಾ ಹಾಗೆಯೇ ಉಳಿದು ಪ್ರತಿ ಫ್ಲ್ಯಾಟಿನ ಖಾತಾ ಬೇರ್ಪಡದೇ ಇರಬಹುದು. ಫ್ಲ್ಯಾಟಿನ ಸಂಖ್ಯೆ, ವಿಸ್ತೀರ್ಣ ಮತ್ತು ನಿವೇಶನದಲ್ಲಿನ ಅವಿಭಾಜ್ಯ ಪಾಲನ್ನು ಕ್ರಯಪತ್ರದೊಡನೆ ಹೋಲಿಸಿ ನೋಡಬೇಕು.

(ಇ) ಕೆಂಗೇರಿ ಮತ್ತು ಸುತ್ತಲಿನ ಊರುಗಳು: 2007ಕ್ಕೆ ಮುನ್ನ ಪುರಸಭೆ ಅಥವಾ ಗ್ರಾಮ ಪಂಚಾಯಿತಿ ನೀಡಿದ ಸ್ವತ್ತು ಸಂಖ್ಯೆಯು ಕ್ರಯಪತ್ರದಲ್ಲಿ ಇದ್ದು, ಪಾಲಿಕೆಯು ಅನಂತರ ನೀಡಿದ ಸಂಖ್ಯೆ ಬೇರೆಯಾಗಿರಬಹುದು. ಎರಡೂ ಸಂಖ್ಯೆಗಳು ಒಂದೇ ಸ್ವತ್ತಿಗೆ ಸೇರಿದವು ಎಂದು ತೋರಿಸುವ ಹಳೆಯ ತೆರಿಗೆ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

(ಈ) ಹೆಸರಿನ ವ್ಯತ್ಯಾಸ: ಕ್ರಯಪತ್ರದಲ್ಲಿ 'ಕೆ. ರಾಮಯ್ಯ', ಆಧಾರ್‌ನಲ್ಲಿ 'ರಾಮಯ್ಯ ಕೆಂಪಯ್ಯ', ತೆರಿಗೆ ರಸೀದಿಯಲ್ಲಿ 'ರಾಮಣ್ಣ' ಎಂದು ಇದ್ದರೆ ಮನುಷ್ಯರಿಗೆ ಅರ್ಥವಾಗುತ್ತದೆ, ಗಣಕಯಂತ್ರಕ್ಕೆ ಆಗುವುದಿಲ್ಲ. ಹೆಸರುಗಳು ಹೊಂದಾಣಿಕೆಯಾಗದ ಅರ್ಜಿಗಳು ಅಧಿಕಾರಿಗಳ ಪರಿಶೀಲನೆಗೆ ಹೋಗುತ್ತವೆ.

7. ಕರಡು ಇ-ಖಾತಾವನ್ನು ಪರಿಶೀಲಿಸುವ ವಿಧಾನ

ಕೆಳಕಂಡ ದಾಖಲೆಗಳನ್ನು ಮುಂದಿಟ್ಟುಕೊಂಡು ಪರಿಶೀಲನೆಯನ್ನು ಆರಂಭಿಸಬೇಕು.

1) ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಥವಾ ಹಂಚಿಕೆ ಪತ್ರ.
2) ಋಣಭಾರ ಪ್ರಮಾಣಪತ್ರ.
3) ಇತ್ತೀಚಿನ ತೆರಿಗೆ ರಸೀದಿ ಮತ್ತು ಅದರಲ್ಲಿನ ಅರ್ಜಿ ಸಂಖ್ಯೆ.
4) ಮಾಲೀಕರೆಲ್ಲರ ಆಧಾರ್ ವಿವರ.
5) ವಿದ್ಯುತ್ ಸಂಪರ್ಕವಿದ್ದಲ್ಲಿ ಬೆಸ್ಕಾಂ ಬಿಲ್ಲಿನಲ್ಲಿರುವ ಗ್ರಾಹಕರ ಸಂಖ್ಯೆ.
6) ಸ್ವತ್ತಿನ ಛಾಯಾಚಿತ್ರ ಮತ್ತು ಅದು ಇರುವ ಸ್ಥಳದ ಗುರುತು.

ಅನಂತರ ಜಾಲತಾಣದಲ್ಲಿ ವಾರ್ಡಿನ ಪಟ್ಟಿಯಿಂದ ತಮ್ಮ ಸ್ವತ್ತನ್ನು ಹುಡುಕಿ, ಮಾಲೀಕರ ಹೆಸರು, ಸ್ವತ್ತಿನ ಸಂಖ್ಯೆ, ಉದ್ದ-ಅಗಲ, ನಾಲ್ಕು ದಿಕ್ಕಿನ ಚಕ್ಕುಬಂದಿ ಮತ್ತು ಕಟ್ಟಡದ ವಿಸ್ತೀರ್ಣವನ್ನು ಸಾಲು ಸಾಲಾಗಿ ಪತ್ರದೊಡನೆ ಹೋಲಿಸಬೇಕು. ಸರಿಯಿದ್ದಲ್ಲಿ ದಾಖಲೆಗಳನ್ನು ಸಲ್ಲಿಸಿ ಅಂತಿಮ ಇ-ಖಾತಾ ಪಡೆಯಬಹುದು. ವ್ಯತ್ಯಾಸವಿದ್ದಲ್ಲಿ ತಿದ್ದುಪಡಿ ಕೋರಬೇಕು. ವ್ಯತ್ಯಾಸವಿರುವುದು ಗೊತ್ತಿದ್ದೂ "ಸದ್ಯಕ್ಕೆ ಇಷ್ಟಿರಲಿ" ಎಂದು ಒಪ್ಪಿಕೊಂಡರೆ, ಮುಂದೆ ಅದೇ ನಮೂದು ನೋಂದಣಿ ಕಚೇರಿಗೂ ಹೋಗುತ್ತದೆ.

ಜಾಲತಾಣವನ್ನು ಬಳಸಲು ಆಗದವರು ಬೆಂಗಳೂರು ಒನ್ ಕೇಂದ್ರಗಳಲ್ಲಿ ನೆರವು ಪಡೆಯಬಹುದು. ಅರ್ಜಿ ಸಲ್ಲಿಸಿದ ಮೇಲೆ ದೊರೆಯುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮೊಬೈಲಿಗೆ ಬರುವ ಒಟಿಪಿ ಸಂಖ್ಯೆಯನ್ನು ಮಧ್ಯವರ್ತಿಗಳಿಗೆ ತಿಳಿಸಬಾರದು.

8. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಸದ್ಯ ಮನೆ ಮಾರುವ ಯೋಚನೆ ಇಲ್ಲ. ಆದರೂ ಇ-ಖಾತಾ ಬೇಕೇ?
ಉತ್ತರ: ಮಾರಾಟಕ್ಕೆ ಮಾತ್ರವಲ್ಲದೆ ದಾನ, ವಿಭಾಗ ಮುಂತಾದ ನೋಂದಣಿಗಳಿಗೂ ಇದು ಬೇಕಾಗುತ್ತದೆ. ಆಸ್ಪತ್ರೆಯ ಖರ್ಚಿಗೋ ಮಕ್ಕಳ ವಿದ್ಯಾಭ್ಯಾಸಕ್ಕೋ ತುರ್ತಾಗಿ ಹಣ ಬೇಕಾದ ದಿನ ಹೆಸರಿನ ತಿದ್ದುಪಡಿಗೆ ಅರ್ಜಿ ಹಾಕಿ ಕಾಯುವುದಕ್ಕಿಂತ, ಬಿಡುವಿರುವಾಗ ಸರಿಪಡಿಸಿಕೊಳ್ಳುವುದು ಮೇಲು.

ಪ್ರಶ್ನೆ: ಖಾತಾದಲ್ಲಿ ಹೆಸರಿದ್ದರೆ ಸ್ವತ್ತಿನ ಒಡೆತನ ಸಾಬೀತಾದಂತೆಯೇ?
ಉತ್ತರ: ಇಲ್ಲ. ಖಾತಾ ತೆರಿಗೆಯ ಹೊಣೆಯನ್ನು ತೋರಿಸುವ ದಾಖಲೆ. ಒಡೆತನವು ನೋಂದಾಯಿತ ಪತ್ರ, ಉತ್ತರಾಧಿಕಾರ ಅಥವಾ ನ್ಯಾಯಾಲಯದ ತೀರ್ಪಿನಿಂದ ನಿರ್ಧಾರವಾಗುತ್ತದೆ.

ಪ್ರಶ್ನೆ: ಖಾತಾದಾರರು ತೀರಿಕೊಂಡಿದ್ದಾರೆ. ವಾರಸುದಾರರು ಏನು ಮಾಡಬೇಕು?
ಉತ್ತರ: ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತಾ ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ಉಯಿಲು ಅಥವಾ ವಿಭಾಗಪತ್ರವಿದ್ದಲ್ಲಿ ಅದನ್ನೂ ಲಗತ್ತಿಸಬೇಕು. ಪತ್ನಿ ಮತ್ತು ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ವಾರಸುದಾರರ ಹೆಸರು ವಂಶವೃಕ್ಷದಲ್ಲಿರಬೇಕು. ಒಂದು ಹೆಸರನ್ನು ಬಿಟ್ಟು ಪಡೆದ ಖಾತಾ ಮುಂದೆ ತಕರಾರಿಗೆ ಗುರಿಯಾಗುತ್ತದೆ.

ಪ್ರಶ್ನೆ: ಬಿ-ಖಾತಾ ಸ್ವತ್ತಿಗೆ ಇ-ಖಾತಾ ದೊರೆತರೆ ಅದು ಎ-ಖಾತಾ ಆಗುತ್ತದೆಯೇ?
ಉತ್ತರ: ಇಲ್ಲ. ಇ-ಖಾತಾ ಎಂಬುದು ದಾಖಲೆಯ ವಿದ್ಯುನ್ಮಾನ ರೂಪ ಮಾತ್ರ. ಬಿ-ಖಾತಾದಿಂದ ಎ-ಖಾತಾಗೆ ಬದಲಾವಣೆಯು ಪ್ರತ್ಯೇಕ ನಿಯಮಗಳಿಗೆ ಒಳಪಟ್ಟಿದೆ.

ಪ್ರಶ್ನೆ: ಪಾಲಿಕೆಯೇ ವಿಭಜನೆಯಾಗಿರುವಾಗ ಹಿಂದೆ ಪಡೆದ ಇ-ಖಾತಾದ ಗತಿಯೇನು?
ಉತ್ತರ: ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024ರಂತೆ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ರಾಜಾಜಿನಗರ, ಗೋವಿಂದರಾಜನಗರ ಮತ್ತು ವಿಜಯನಗರ ಕ್ಷೇತ್ರಗಳ ಪ್ರದೇಶಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಯಲ್ಲಿವೆ. ಕಚೇರಿ ಬದಲಾದ ಮಾತ್ರಕ್ಕೆ ಮಾಲೀಕರ ಹಕ್ಕು ಬದಲಾಗುವುದಿಲ್ಲ. ಗಡಿಭಾಗದ ಬಡಾವಣೆಗಳವರು ಅರ್ಜಿ ಸಲ್ಲಿಸುವ ಮುನ್ನ ತಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

9. ನಾಗರಿಕರ ಗಮನಕ್ಕೆ

ತಂತ್ರಾಂಶವನ್ನು ಟೆಂಡರ್ ಮೂಲಕ ಪಡೆಯಬಹುದು, ತಜ್ಞರನ್ನು ಒಪ್ಪಂದದ ಮೇಲೆ ನೇಮಿಸಿಕೊಳ್ಳಬಹುದು. ಆದರೆ ಒಂದು ಮನೆಯ ದಾಖಲೆ ಸರಿಯಾಗಿದೆ ಎಂದು ಹೇಳಬಲ್ಲವರು ಆ ಮನೆಯವರೇ. ಆದುದರಿಂದ ಪ್ರತಿಯೊಬ್ಬ ಮಾಲೀಕರೂ ತಮ್ಮ ಪತ್ರಗಳನ್ನು ಹೊರತೆಗೆದು ಕರಡು ಇ-ಖಾತಾದೊಡನೆ ಒಮ್ಮೆ ತಾಳೆ ನೋಡಬೇಕೆಂದು ಕೋರಲಾಗಿದೆ. ಮನೆಯಲ್ಲಿ ಹಿರಿಯರಿದ್ದರೆ, ಹಳೆಯ ಸಂಖ್ಯೆಗಳು, ಚಕ್ಕುಬಂದಿ ಮತ್ತು ಹಿಂದಿನ ಮಾಲೀಕರ ವಿವರಗಳನ್ನು ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು.

ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅರ್ಜಿಗಳ ವಿಲೇವಾರಿಯು ಜಾರಿಯಲ್ಲಿರುವ ಅಧಿನಿಯಮ, ನಿಯಮ ಮತ್ತು ಸರ್ಕಾರಿ ಆದೇಶಗಳಿಗೆ ಒಳಪಟ್ಟಿರುತ್ತದೆ.